ನರ್ಸಿಂಗ್ ಪರೀಕ್ಷೆಯಲ್ಲಿ ನಾಪಾಸು: ತಕರಾರು ಸಲ್ಲಿಸುವ ಕ್ರಮ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರ ಮನೆಯ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯುತ್ತಿದ್ದಾರೆ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಆಗಲಿ, ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಆಗಲಿ, ಸಂಬಳದಿಂದ ಉಳಿಸಿದ ಹಣ ಮತ್ತು ತೆಗೆದ ಸಾಲ ಎರಡೂ ಅದಕ್ಕೆ ಸಲ್ಲುತ್ತವೆ. ಇಂತಹ ಮನೆಗೆ ಒಂದು ವಿಷಯದಲ್ಲಿ ನಾಪಾಸು ಎಂಬ ಫಲಿತಾಂಶ ಬಂದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಬ್ಬರು, "ಇನ್ನು ಸಾಕು, ಒಳ್ಳೆಯ ಕಡೆ ನೋಡಿ ಮದುವೆ ಮಾಡಿಬಿಡೋಣ" ಎನ್ನುತ್ತಾರೆ. ಇನ್ನೊಬ್ಬರು, "ಬೇಕೆಂದೇ ಫೇಲು ಮಾಡಿದ್ದಾರೆ, ಕೋರ್ಟಿಗೆ ಹೋಗೋಣ" ಎನ್ನುತ್ತಾರೆ. ಎರಡೂ ಉತ್ತರಪತ್ರಿಕೆಯನ್ನು ನೋಡುವ ಮೊದಲೇ ಆಡಿದ ಮಾತುಗಳು. ನೋಡುವ ಹಕ್ಕು ವಿದ್ಯಾರ್ಥಿನಿಗೆ ಉಂಟು. ಅದನ್ನು ಚಲಾಯಿಸುವ ಕ್ರಮವೇ ಈ ಪಾಠದ ವಿಷಯ.

ಪಗಾರದ ದಿನ ಕೈಗೆ ಬಂದ ಹಣ ಕಡಿಮೆ ಎನಿಸಿದರೆ ನಾವು ಏನು ಮಾಡುತ್ತೇವೆ? ಮೊದಲು ಪಗಾರದ ಚೀಟಿ ನೋಡುತ್ತೇವೆ. ಹಾಜರಿ ಎಷ್ಟು, ಕಡಿತ ಎಷ್ಟು, ಕೂಡಿದ್ದು ಸರಿಯೆ ಎಂದು ಪರೀಕ್ಷಿಸುತ್ತೇವೆ. ಲೆಕ್ಕ ತಪ್ಪಿದ್ದರೆ ಬರವಣಿಗೆಯಲ್ಲಿ ಕೇಳುತ್ತೇವೆ. ಪರೀಕ್ಷೆಯ ಅಂಕವೂ ಒಂದು ಲೆಕ್ಕವೇ ಆದುದರಿಂದ ಇಲ್ಲಿಯೂ ಅದೇ ಕ್ರಮ ಹಿಡಿಯಬೇಕು.

1. ತಕರಾರು ಯಾರ ಮುಂದೆ?

ಮೊದಲ ತಪ್ಪು ವಿಳಾಸದಲ್ಲಿಯೇ ಆಗುತ್ತದೆ. ಪೋಷಕರು ಕಾಲೇಜಿನ ಪ್ರಿನ್ಸಿಪಾಲರ ಬಾಗಿಲಲ್ಲಿ ದಿನಗಟ್ಟಲೆ ನಿಲ್ಲುತ್ತಾರೆ. ಆದರೆ ಅಂತಿಮ ಲಿಖಿತ ಪರೀಕ್ಷೆಯ ಉತ್ತರಪತ್ರಿಕೆ ಕಾಲೇಜಿನಲ್ಲಿ ಇರುವುದಿಲ್ಲ. ಬಿ.ಎಸ್‌ಸಿ. ನರ್ಸಿಂಗ್ ಪರೀಕ್ಷೆಯನ್ನು ವಿಶ್ವವಿದ್ಯಾಲಯ ನಡೆಸುತ್ತದೆ. ಮಹಾರಾಷ್ಟ್ರದ ಕಾಲೇಜುಗಳಿಗೆ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ, ಕರ್ನಾಟಕದವಕ್ಕೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ, ತಮಿಳುನಾಡಿನವಕ್ಕೆ ಚೆನ್ನೈಯ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ. ಜಿ.ಎನ್.ಎಂ. ಪರೀಕ್ಷೆಯನ್ನು ಆಯಾ ರಾಜ್ಯದ ಪರೀಕ್ಷಾ ಮಂಡಳಿ ನಡೆಸುತ್ತದೆ. ಹಾಲ್ ಟಿಕೆಟ್ಟಿನ ಮೇಲೆ ಯಾರ ಹೆಸರಿದೆಯೋ ಅವರಿಗೇ ಅರ್ಜಿ ಹೋಗಬೇಕು.

ಕಾಲೇಜಿನ ಕೈಯಲ್ಲಿರುವುದು ಒಳಮೌಲ್ಯಮಾಪನದ ಅಂಕ ಮತ್ತು ಹಾಜರಿ. ಈ ಅಂಕಗಳನ್ನು ಕಾಲೇಜೇ ಬರೆದು ವಿಶ್ವವಿದ್ಯಾಲಯಕ್ಕೆ ಕಳುಹಿಸುತ್ತದೆ. ಅಲ್ಲಿ ಕಳುಹಿಸಿದ ಅಂಕವೂ ಅಂಕಪಟ್ಟಿಯಲ್ಲಿ ಬಂದ ಅಂಕವೂ ಬೇರೆಯಾಗಿದ್ದರೆ ಅಥವಾ ಪರೀಕ್ಷೆಗೆ ಕುಳಿತವಳನ್ನು ಗೈರುಹಾಜರಿ ಎಂದು ತೋರಿಸಿದ್ದರೆ, ಪ್ರಿನ್ಸಿಪಾಲರ ಪತ್ರವೇ ಮುಖ್ಯ ಆಧಾರ.

2. ಮೂರು ಬೇರೆ ಬೇರೆ ಕೋರಿಕೆಗಳು

ಜನ ಎಲ್ಲವನ್ನೂ "ರೀಚೆಕಿಂಗ್" ಎಂದೇ ಕರೆಯುತ್ತಾರೆ. ಇದರಿಂದ ತಪ್ಪು ಫಾರಮು ತುಂಬಿ ಶುಲ್ಕ ಕಳೆದುಕೊಳ್ಳುವುದುಂಟು.

ಮರುಎಣಿಕೆ: ಬಿದ್ದ ಅಂಕಗಳನ್ನು ಮತ್ತೆ ಕೂಡುವುದು, ಯಾವ ಉತ್ತರಕ್ಕಾದರೂ ಅಂಕ ಹಾಕದೆ ಬಿಟ್ಟಿದ್ದಾರೆಯೆ ಎಂದು ನೋಡುವುದು. ಉತ್ತರವನ್ನು ಪುನಃ ಓದುವುದಿಲ್ಲ.

ಛಾಯಾಪ್ರತಿ: ಉತ್ತರಪತ್ರಿಕೆಯ ನಕಲನ್ನು ವಿದ್ಯಾರ್ಥಿನಿಯ ಕೈಗೆ ಕೊಡುವುದು.

ಮರುಮೌಲ್ಯಮಾಪನ: ಬೇರೊಬ್ಬ ಪರೀಕ್ಷಕರು ಉತ್ತರವನ್ನು ಹೊಸದಾಗಿ ಓದಿ ಅಂಕ ಕೊಡುವುದು.

ಮೂರನೆಯದು ಎಲ್ಲೆಡೆ ಇಲ್ಲ. ನಿಯಮದಲ್ಲಿ ಇಲ್ಲದ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳಲಾಗದು ಎಂದು ಸುಪ್ರೀಂ ಕೋರ್ಟು 1984ರಲ್ಲಿ ಮಹಾರಾಷ್ಟ್ರದ ಶಿಕ್ಷಣ ಮಂಡಳಿಯ ಮೊಕದ್ದಮೆಯಲ್ಲಿಯೇ ತೀರ್ಮಾನಿಸಿತು. 2017ರ ಡಿಸೆಂಬರಿನಲ್ಲಿ ಉತ್ತರಪ್ರದೇಶದ ಒಂದು ಮೊಕದ್ದಮೆಯಲ್ಲಿ ಅದೇ ನಿಲುವನ್ನು ಮತ್ತೆ ಹೇಳಿತು: ನಿಯಮವಿಲ್ಲದಿದ್ದರೆ, ತಪ್ಪು ಸ್ಪಷ್ಟವಾಗಿ ಕಾಣುವಂತಹ ಅಪರೂಪದ ಸಂದರ್ಭದಲ್ಲಿ ಮಾತ್ರ ಕೋರ್ಟು ಕೈಹಾಕಬಹುದು, ಸಂಶಯವಿದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ. ಆದುದರಿಂದ ವಕೀಲರಿಗೆ ಹಣ ಕೊಡುವ ಮೊದಲು ನಿಯಮಗಳನ್ನು ಓದಿರಿ. ಮರುಮೌಲ್ಯಮಾಪನ ಇರುವ ಕಡೆಯೂ, ಅಂಕ ಇಳಿದರೆ ಇಳಿದದ್ದೇ ನಿಲ್ಲುತ್ತದೆಯೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

3. ಉತ್ತರಪತ್ರಿಕೆ ನೋಡುವ ಹಕ್ಕು

ಮರುಮೌಲ್ಯಮಾಪನ ಇಲ್ಲದ ಕಡೆಯೂ ನೋಡುವ ಹಕ್ಕು ಇದ್ದೇ ಇದೆ. ತಿದ್ದಿದ ಉತ್ತರಪತ್ರಿಕೆಯೂ ಮಾಹಿತಿಯೇ, ಬರೆದವರು ಅದನ್ನು ನೋಡಬಹುದು, ದೃಢೀಕೃತ ನಕಲು ಪಡೆಯಬಹುದು ಎಂದು 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು 2005ರ ಮಾಹಿತಿ ಹಕ್ಕು ಕಾಯಿದೆಯ ಆಧಾರದಿಂದ ತೀರ್ಪು ಕೊಟ್ಟಿತು. ಎರಡು ಮಿತಿಗಳಿವೆ. ಪರೀಕ್ಷಕರ ಹೆಸರು, ಸಹಿ ತೋರಿಸುವುದಿಲ್ಲ. ಉತ್ತರಪತ್ರಿಕೆಗಳನ್ನು ಕಾಯ್ದಿಡುವ ಅವಧಿ ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಈ ಕಾಯಿದೆಯಲ್ಲಿ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಮುಂಬಯಿಯಲ್ಲಿ ಮರಾಠಿ ನಡೆಯುತ್ತದೆ. ಊರ ಕಡೆ ಓದುತ್ತಿರುವ ತಂಗಿ ಕನ್ನಡದಲ್ಲಿಯೇ ಬರೆಯಬಹುದು. ಏಕೆ ಬೇಕು ಎಂಬ ಕಾರಣ ಹೇಳಬೇಕಾಗಿಲ್ಲ. ಕೇಂದ್ರದ ನಿಯಮದಂತೆ ಅರ್ಜಿಗೆ 10 ರೂ., ನಕಲಿನ ಪುಟವೊಂದಕ್ಕೆ 2 ರೂ.; ರಾಜ್ಯಗಳಿಗೆ ತಮ್ಮ ತಮ್ಮ ನಿಯಮಗಳಿವೆ. ಉತ್ತರ ಕೊಡಲು 30 ದಿನಗಳ ಗಡುವು. ಕೊಡದಿದ್ದರೆ ಅಥವಾ ನಿರಾಕರಿಸಿದರೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅರ್ಜಿ ವಿದ್ಯಾರ್ಥಿನಿಯ ಹೆಸರಿನಲ್ಲಿ, ಅವಳ ಸಹಿಯಿಂದಲೇ ಹೋಗಲಿ. ತಂದೆ ಅಣ್ಣಂದಿರ ಹೆಸರಿನಲ್ಲಿ ಬೇಡ.

ಒಂದು ಎಚ್ಚರಿಕೆ ಅಗತ್ಯ. ಮರುಎಣಿಕೆಗೆ ವಿಶ್ವವಿದ್ಯಾಲಯ ಕೊಡುವ ಕಾಲಾವಕಾಶ ಕೆಲವೇ ದಿನಗಳದ್ದು. ಮಾಹಿತಿ ಹಕ್ಕಿನ ಉತ್ತರ ಬರುವಷ್ಟರಲ್ಲಿ ಅದು ಮುಗಿದುಹೋಗಬಹುದು. ಆದಕಾರಣ ಮೊದಲು ವಿಶ್ವವಿದ್ಯಾಲಯದ ಸ್ವಂತ ಫಾರಮು ತುಂಬಿ ಶುಲ್ಕ ಕಟ್ಟಿರಿ. ಅಲ್ಲಿ ಛಾಯಾಪ್ರತಿ ಕೊಡುವ ಏರ್ಪಾಡು ಇಲ್ಲದಿದ್ದರೆ ಅಥವಾ ಕೇಳಿದರೂ ಬಾರದಿದ್ದರೆ ಮಾಹಿತಿ ಹಕ್ಕಿನ ಬಾಗಿಲು ತಟ್ಟಿರಿ.

4. ನಕಲು ಕೈಗೆ ಬಂದಾಗ ನೋಡುವುದು ಹೇಗೆ?

ಮೊದಲು ಕೂಡಿಕೆ. ಉದಾಹರಣೆಗೆ ಒಳಮೌಲ್ಯಮಾಪನ 25, ಲಿಖಿತ 75, ಪಾಸಿಗೆ ಒಟ್ಟು 50 ಎಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿನಿಗೆ ಒಳಮೌಲ್ಯಮಾಪನದಲ್ಲಿ 16, ಲಿಖಿತದಲ್ಲಿ 31. ಒಟ್ಟು 47, ನಾಪಾಸು. ಒಳಪುಟಗಳಲ್ಲಿ ಐದು ಪ್ರಶ್ನೆಗಳಿಗೆ ಬಿದ್ದ ಅಂಕ 6, 5, 8, 7, 8. ಕೂಡಿದರೆ 34. ಮುಖಪುಟದಲ್ಲಿ ಮಾತ್ರ ಐದನೆಯ ಪ್ರಶ್ನೆಯ 8 ಎಂಬುದು 5 ಎಂದು ಇಳಿದಿದೆ. ಸರಿಪಡಿಸಿದರೆ 16 ಮತ್ತು 34, ಒಟ್ಟು 50. ಒಂದು ಅಂಕಿಯನ್ನು ತಪ್ಪಾಗಿ ಇಳಿಸಿದ್ದರಿಂದ ಹುಡುಗಿ ನಾಪಾಸಾಗಿದ್ದಳು! ಲೆಡ್ಜರು ಬರೆಯುವ ನಮ್ಮಂತಹ ಗುಮಾಸ್ತರಿಗೆ ಇದು ಹೊಸತಲ್ಲ.

ಈಗ ಅನೇಕ ಕಡೆ ಉತ್ತರಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಕೂಡುವುದು ಯಂತ್ರದ ಕೆಲಸ. ಅಲ್ಲಿ ನೋಡಬೇಕಾದುದು ಪುಟಗಳನ್ನು. ಬರೆದ ಪುಟಗಳೆಲ್ಲ ಬಂದಿವೆಯೆ, ಒಂದು ಪ್ರಶ್ನೆಯ ಉತ್ತರ ಮುಂದೆಲ್ಲೋ ಮುಂದುವರಿದದ್ದು ಕಣ್ಣುತಪ್ಪಿದೆಯೆ, ಕೈಬರಹ ಮತ್ತು ರೋಲ್ ನಂಬರು ಅವಳದೇ ಹೌದೆ ಎಂದು ಒಂದೊಂದಾಗಿ ಗುರುತು ಹಾಕಿರಿ.

ಕೂಡಿಕೆಯೂ ಪುಟಗಳೂ ಸರಿಯಾಗಿದ್ದರೆ ಉಳಿಯುವುದು ಉತ್ತರದ ಗುಣ. ಇಲ್ಲಿ ಮನೆಯವರು ನ್ಯಾಯವಾಗಿ ನಡೆಯಬೇಕು. ಒಂದು ಪ್ರಶ್ನೆ ನೋಡಿರಿ: 500 ಮಿಲಿಲೀಟರು ಸಲೈನನ್ನು 4 ಗಂಟೆಗಳಲ್ಲಿ ಕೊಡಬೇಕು, ನಳಿಕೆಯಲ್ಲಿ 15 ಹನಿಗೆ ಒಂದು ಮಿಲಿಲೀಟರು, ನಿಮಿಷಕ್ಕೆ ಎಷ್ಟು ಹನಿ? 500ನ್ನು 15ರಿಂದ ಗುಣಿಸಿದರೆ 7500 ಹನಿ. 4 ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ಸುಮಾರು 31 ಹನಿ. ವಿದ್ಯಾರ್ಥಿನಿ 500ನ್ನು 4ರಿಂದ ಭಾಗಿಸಿ 125 ಎಂದು ಬರೆದಿದ್ದಾಳೆ. "ಭಾಗಾಕಾರ ಸರಿಯಿದೆ, ಅಂಕ ಏಕೆ ಕೊಡಲಿಲ್ಲ?" ಎಂದು ಮನೆಯವರು ಕೇಳಬಹುದು. ಆದರೆ 125 ಎಂಬುದು ಗಂಟೆಗೆ ಹೋಗುವ ಮಿಲಿಲೀಟರು, ನಿಮಿಷಕ್ಕೆ ಬೀಳುವ ಹನಿ ಅಲ್ಲ. ನಿಮಿಷಕ್ಕೆ 125 ಹನಿ ಬಿಟ್ಟರೆ ನಾಲ್ಕು ಗಂಟೆ ಹೋಗಬೇಕಾದ ಬಾಟಲಿ ಒಂದೇ ಗಂಟೆಯಲ್ಲಿ ಖಾಲಿ. ಹೃದಯ ದುರ್ಬಲವಾದ ರೋಗಿಗೆ ಇದು ಪ್ರಾಣಾಪಾಯ. ಆ ಹಾಸಿಗೆಯಲ್ಲಿ ನಾಳೆ ನಮ್ಮ ತಾಯಿಯೇ ಮಲಗಿರಬಹುದು. ಇಂತಹ ಅಂಕಕ್ಕೆ ತಕರಾರು ಸಲ್ಲದು. ಪಾಠವನ್ನು ಪುನಃ ಕಲಿಯುವುದೇ ದಾರಿ.

5. ಪ್ರಾಯೋಗಿಕ ಪರೀಕ್ಷೆ

ನರ್ಸಿಂಗಿನಲ್ಲಿ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳಲ್ಲಿ ಬೇರೆ ಬೇರೆಯಾಗಿ ಪಾಸಾಗಬೇಕು. ರೋಗಿಯ ಬಳಿ ಮಾಡಿ ತೋರಿಸಿದ ಕೆಲಸವನ್ನು ಯಾರೂ ಮತ್ತೆ ನೋಡಲಾರರು. ಆದ್ದರಿಂದ ಅದಕ್ಕೆ ಮರುಮೌಲ್ಯಮಾಪನವಿಲ್ಲ. ಕೇಳಬಹುದಾದುದು ಕ್ರಮವನ್ನು ಕುರಿತು ಮಾತ್ರ. ಭಾರತೀಯ ನರ್ಸಿಂಗ್ ಪರಿಷತ್ತಿನ ಬಿ.ಎಸ್‌ಸಿ. ಪಠ್ಯಕ್ರಮದಂತೆ ಒಬ್ಬ ಒಳ ಪರೀಕ್ಷಕರು ಮತ್ತು ಒಬ್ಬ ಹೊರ ಪರೀಕ್ಷಕರು ಜೊತೆಯಾಗಿ ಪರೀಕ್ಷೆ ನಡೆಸಬೇಕು. ಒಬ್ಬರೇ ಇದ್ದರೆ, ಒಬ್ಬಳ ಅಂಕ ಇನ್ನೊಬ್ಬಳ ನಂಬರಿಗೆ ಬಿದ್ದಿದ್ದರೆ, ಅದನ್ನು ಅಂದೇ ಅಥವಾ ಮರುದಿನವೇ ಬರೆದು ತಿಳಿಸಬೇಕು. ಫಲಿತಾಂಶ ಬಂದ ಮೇಲೆ ಹೇಳಿದರೆ ಕೇಳುವವರು ಕಡಿಮೆ.

6. ಅರ್ಜಿಯ ರೀತಿ

ಅರ್ಜಿ ಒಂದು ಪುಟ ಮೀರದಿರಲಿ. ಅಳಲು, ಆರೋಪ, ಬಡತನದ ವರ್ಣನೆ ಬೇಡ. ಹೆಸರು, ರೋಲ್ ನಂಬರು, ಪರೀಕ್ಷೆಯ ತಿಂಗಳು, ವಿಷಯದ ಸಂಕೇತ, ಬಂದ ಅಂಕ ಬರೆಯಿರಿ. ಅನಂತರ ತಕರಾರನ್ನು ಹೀಗೆ ಹೇಳಬಹುದು: "ಐದನೆಯ ಪ್ರಶ್ನೆಗೆ ಒಳಪುಟದಲ್ಲಿ 8 ಅಂಕ ಇದ್ದು ಮುಖಪುಟದಲ್ಲಿ 5 ಎಂದು ನಮೂದಾಗಿದೆ. ಒಟ್ಟು ಅಂಕವನ್ನು ಸರಿಪಡಿಸಿ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ." ಇಷ್ಟು ಸಾಕು. ಅಂಕಪಟ್ಟಿ, ಹಾಲ್ ಟಿಕೆಟ್, ಶುಲ್ಕದ ರಸೀದಿಗಳ ನಕಲು ಜೊತೆಗಿಡಿರಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಚೀಟಿ ಜೋಪಾನ. ಆನ್‌ಲೈನ್ ಅರ್ಜಿಯಾದರೆ ಹಣ ಕಟ್ಟಿದ ಪುಟವನ್ನು ಅಚ್ಚುಹಾಕಿಸಿ ಇಡಿರಿ. ಟೆಲಿಫೋನಿನಲ್ಲಿ ಕೊಟ್ಟ ಭರವಸೆ ದಾಖಲೆಯಾಗುವುದಿಲ್ಲ.

"ಇಷ್ಟು ಸಾವಿರ ಕೊಟ್ಟರೆ ಅಂಕ ಹಾಕಿಸುತ್ತೇನೆ" ಎಂದು ಬರುವ ದಲ್ಲಾಳಿಗಳನ್ನು ಮನೆಯ ಹೊಸ್ತಿಲು ದಾಟಿಸಬೇಡಿರಿ. ಹಣವೂ ಹೋಗುತ್ತದೆ, ಸಿಕ್ಕಿಬಿದ್ದರೆ ಹುಡುಗಿಯ ಮುಂದಿನ ಓದೂ ಹೋಗುತ್ತದೆ.

7. ಪುಸ್ತಕ ಮುಚ್ಚಬಾರದು

ತಕರಾರು ಸಲ್ಲಿಸಿದ ದಿನವೇ ಮುಂದಿನ ಪರೀಕ್ಷೆಯ ಫಾರಮನ್ನೂ ತುಂಬಬೇಕು. ಅರ್ಜಿಯ ಉತ್ತರಕ್ಕಾಗಿ ಪರೀಕ್ಷೆಯ ತಾರೀಕು ಕಾಯುವುದಿಲ್ಲ. ಅಂಕ ಸರಿಹೋದರೆ ಫಾರಮಿನ ಶುಲ್ಕವಷ್ಟೇ ನಷ್ಟ. ಸರಿಹೋಗದಿದ್ದರೆ ಆರು ತಿಂಗಳಾದರೂ ಉಳಿಯಿತು. ವಾರ್ಡಿನ ಕೆಲಸಕ್ಕೂ ತಪ್ಪದೆ ಹೋಗುತ್ತಿರಲಿ. ಹಾಜರಿ ಕಡಿಮೆಯಾದರೆ ಪರೀಕ್ಷೆಗೇ ಕೂಡಿಸುವುದಿಲ್ಲ.

ಇಂತಹ ಅರ್ಜಿ ಬರೆಯಬೇಕಾದವರು ಭಾನುವಾರ ಬೆಳಿಗ್ಗೆ ಅಂಕಪಟ್ಟಿ ಮತ್ತು ಹಾಲ್ ಟಿಕೆಟಿನೊಡನೆ ವಾಚನಾಲಯಕ್ಕೆ ಬರಬಹುದು. ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಬರೆದುಕೊಡಲು ನಾವು ಕೆಲವರು ಇರುತ್ತೇವೆ. ತಂದೆಯ ಜೊತೆಗೆ ವಿದ್ಯಾರ್ಥಿನಿಯೂ ಬರಲಿ. ಉತ್ತರ ಬರೆದವಳು ಅವಳು. ತಕರಾರನ್ನೂ ಅವಳೇ ಓದಿ, ತಿಳಿದು, ಸಹಿ ಹಾಕಬೇಕು.