ಜಾಲತಾಣ ಕಟ್ಟುವವರ ಕಾಯಕ

ವಚನಕಾರರಲ್ಲಿ ಅನೇಕರ ಹೆಸರುಗಳೇ ಅವರ ಕಾಯಕವನ್ನು ಹೇಳುತ್ತವೆ. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಮಗ್ಗವಿದೆ, ಅಂಬಿಗರ ಚೌಡಯ್ಯನ ಹೆಸರಿನಲ್ಲಿ ದೋಣಿಯಿದೆ, ನುಲಿಯ ಚಂದಯ್ಯನ ಹೆಸರಿನಲ್ಲಿ ಹೊಸೆದ ಹಗ್ಗವಿದೆ. ಆ ಕಾಯಕಗಳೆಲ್ಲ ಕಣ್ಣಿಗೆ ಕಾಣುವಂಥವು. ನೇಯ್ದ ಬಟ್ಟೆಯನ್ನು ಮುಟ್ಟಿ ನೋಡಬಹುದು. ಹೊಸೆದ ಹಗ್ಗವನ್ನು ಎಳೆದು ಅದರ ಬಲವನ್ನು ಪರೀಕ್ಷಿಸಬಹುದು. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಲೋಕದಲ್ಲೆಲ್ಲ ಹಬ್ಬಿರುವ ಒಂದು ಹೊಸ ಕಾಯಕ ಹೀಗೆ ಕೈಗೆ ಸಿಕ್ಕುವಂಥದಲ್ಲ. ಜಾಲತಾಣಗಳನ್ನು ಕಟ್ಟುವವರ, ಅಂದರೆ ಜನರ ಬಾಯಲ್ಲಿ ವೆಬ್ ಡೆವಲಪರ್ ಎನಿಸಿಕೊಂಡವರ ಕಾಯಕವದು. ಬೆಂಗಳೂರಿನಲ್ಲಿ ಇಂಥವರಿಲ್ಲದ ಬೀದಿಯಿಲ್ಲವೆಂದರೂ ಸಲ್ಲುವುದು. ಆದರೂ ಊರಿನಲ್ಲಿರುವ ತಂದೆತಾಯಿಗಳನ್ನು ಕೇಳಿದರೆ, ‘ಮಗಳು ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾಳೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬಾರದು. ಈ ‘ಏನೋ’ ಎಂಬುದರ ಒಳಗೆ ಏನಿದೆಯೆಂಬುದನ್ನೂ, ಆ ಕೆಲಸ ಯಾರ ಯಾರ ದುಡಿಮೆಯ ಮೇಲೆ ನಿಂತಿದೆಯೆಂಬುದನ್ನೂ ವಿಚಾರಿಸಿ ನೋಡುವುದು ಉಚಿತ.

ವಿದ್ಯುತ್ತಿನ ಬಿಲ್ಲು ಕಟ್ಟುವಾಗ, ರೈಲಿನ ಟಿಕೇಟು ಕೊಳ್ಳುವಾಗ, ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ನೋಡುವಾಗ ಫೋನಿನ ತೆರೆಯ ಮೇಲೆ ಮೂಡುವ ಪುಟವನ್ನು ಯಾರೋ ಬರೆದಿರುತ್ತಾರೆ. ಬರೆಯುವುದೆಂಬ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಇದು ಶೀರ್ಷಿಕೆ, ಇದು ಕಂಡಿಕೆ, ಇದು ಒತ್ತಬೇಕಾದ ಗುಂಡಿ ಎಂದು ಪುಟದ ಅಂಗಾಂಗಗಳನ್ನು ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ ಹೆಸರಿಸಬೇಕು. ಈ ಹೆಸರಿಸುವಿಕೆ ಅಲಕ್ಷ್ಯಕ್ಕೆ ತಕ್ಕುದಲ್ಲ. ಗುಂಡಿಯಂತೆ ಕಾಣುವ ಚಿತ್ರವನ್ನು ಗುಂಡಿಯೆಂದು ಹೆಸರಿಸದೆ ಬಿಟ್ಟರೆ, ತೆರೆಯನ್ನು ಓದಿಹೇಳುವ ಸಾಧನವನ್ನು ನೆಚ್ಚಿದ ಅಂಧರ ಪಾಲಿಗೆ ಆ ಗುಂಡಿ ಇಲ್ಲವೇ ಇಲ್ಲ. ಬಣ್ಣ, ಅಳತೆ, ಅಂತರಗಳನ್ನು ಸಿಎಸ್‌ಎಸ್‌ನಲ್ಲಿ ಹೇಳಬೇಕು. ಗುಂಡಿಯನ್ನು ಒತ್ತಿದಾಗ ಏನಾಗಬೇಕೆಂಬುದನ್ನು ಜಾವಾಸ್ಕ್ರಿಪ್ಟಿನಲ್ಲಿ ವಿಧಿಸಬೇಕು. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಆ ಅವಸರದ ಗುರುತುಗಳು ಇಂದಿಗೂ ಅದರಲ್ಲಿ ಉಳಿದು ಕಲಿಯುವವರನ್ನು ಕಾಡುತ್ತಿವೆ. ಇವೆಲ್ಲದರ ಹಿಂದೆ ದೂರದಲ್ಲೆಲ್ಲೋ ಸರ್ವರ್ ಎಂಬ ಯಂತ್ರವಿದ್ದು, ಲೆಕ್ಕಪತ್ರಗಳನ್ನು ಕಾಪಾಡುತ್ತ, ಕೇಳಿದವರಿಗೆ ಪುಟಗಳನ್ನು ಒದಗಿಸುತ್ತಿರುತ್ತದೆ.

ಇಂಥ ಕೆಲಸಗಾರರ ದಿನವೆಲ್ಲ ಹೊಸತನ್ನು ಬರೆಯುವುದರಲ್ಲಿಯೇ ಕಳೆಯುವುದೆಂದು ಹೊರಗಿನವರು ಭಾವಿಸುವುದುಂಟು. ಅದು ತಪ್ಪು ತಿಳಿವಳಿಕೆ. ದಿನದ ಹೆಚ್ಚು ಭಾಗ ಬೇರೆಯವರು ಬರೆದುದನ್ನು ಓದುವುದಕ್ಕೂ ಹಳೆಯದನ್ನು ದುರಸ್ತಿ ಮಾಡುವುದಕ್ಕೂ ಸಲ್ಲುತ್ತದೆ. ಬೆಳಗ್ಗೆ ಜೊತೆಯವರೆಲ್ಲ ಕಾಲುಗಂಟೆ ಸೇರಿ, ನಿನ್ನೆ ಏನಾಯಿತು, ಇಂದು ಏನಾಗಬೇಕು, ಯಾರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಬಳಿಕ ತಮ್ಮ ತಮ್ಮ ಪಾಲಿಗೆ ಬಂದ ದೂರನ್ನೋ ಬೇಡಿಕೆಯನ್ನೋ ಎತ್ತಿಕೊಂಡು ಕುಳಿತುಕೊಳ್ಳುತ್ತಾರೆ. ಮೂರು ಗಂಟೆ ಹುಡುಕಿ, ಕೊನೆಗೆ ಒಂದೇ ಒಂದು ಅಲ್ಪವಿರಾಮವನ್ನು ತಿದ್ದಿ ಎದ್ದ ದಿನಗಳು ಈ ಕಾಯಕದಲ್ಲಿ ಎಲ್ಲರಿಗೂ ಉಂಟು. ನೋಡುವವರಿಗೆ ಅಂದು ಏನೂ ನಡೆಯಲಿಲ್ಲವೆಂದೇ ತೋರುವುದು.

ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುವುದು. ಕನ್ನಡದ ತಾಣವೊಂದರಲ್ಲಿ ಲೇಖನದ ಶೀರ್ಷಿಕೆ ಉದ್ದವಾದರೆ ಕತ್ತರಿಸಿ ತೋರಿಸಬೇಕಾಗಿದೆ. ಇಂಗ್ಲಿಷಿಗೆ ಬರೆದ ಕ್ರಮವನ್ನೇ ಇಲ್ಲಿಯೂ ಹೂಡಿ, ಇಷ್ಟನೆಯ ಅಕ್ಷರಕ್ಕೆ ನಿಲ್ಲಿಸೆಂದು ಯಂತ್ರಕ್ಕೆ ಹೇಳಿದರೆ, ಅದು ಅಕ್ಷರಗಳ ಬದಲು ಸಂಕೇತಗಳನ್ನು ಎಣಿಸುತ್ತದೆ. ‘ಶ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಶಕಾರ, ಅರ್ಧಾಕ್ಷರದ ಗುರುತು, ರಕಾರ, ಗುಡಿಸಿನ ದೀರ್ಘ ಎಂಬ ನಾಲ್ಕು ಸಂಕೇತಗಳು. ಎರಡನೆಯದರ ಬಳಿ ಕತ್ತರಿ ಬಿದ್ದರೆ ತೆರೆಯ ಮೇಲೆ ‘ಶ್’ ಎಂದಷ್ಟೇ ಉಳಿದು, ಓದುಗನನ್ನು ಸುಮ್ಮನಿರೆಂದು ಗದರಿಸಿದಂತೆ ಕಾಣುವುದು! ಹುಡುಕುವಾಗಿನ ತೊಡಕು ಇದಕ್ಕಿಂತ ಸೂಕ್ಷ್ಮ. ‘ಕೊಡ’ ಎಂಬ ಪದದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವಕ್ಕೆ ಕೊಂಬಿನ ಇಳಿಯನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. 1991ರಲ್ಲಿ ಮೊದಲ ಆವೃತ್ತಿ ಹೊರಬಂದ, ಲೋಕದ ಲಿಪಿಗಳಿಗೆಲ್ಲ ಸಂಕೇತಗಳನ್ನು ನಿಗದಿಮಾಡುವ ಯೂನಿಕೋಡ್ ವ್ಯವಸ್ಥೆಯೂ ಇವೆರಡನ್ನು ಸಮಾನವೆಂದೇ ವಿಧಿಸುತ್ತದೆ. ಆದರೆ ಹೋಲಿಸುವುದಕ್ಕೆ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ, ಕಣ್ಣೆದುರಿಗೇ ಇರುವ ‘ಕೊಡ’ವನ್ನು ಯಂತ್ರ ಇಲ್ಲವೆನ್ನುವುದು. ಇದನ್ನು ಕಂಡುಹಿಡಿಯುವುದಕ್ಕೆ ಕನ್ನಡದ ಕಾಗುಣಿತವನ್ನೂ ಯಂತ್ರದ ಎಣಿಕೆಯನ್ನೂ ಬಲ್ಲ ಒಬ್ಬರು ಬೇಕು. ತಿದ್ದಿದ ಮೇಲೆ ಅದು ಯಾರ ಗಮನಕ್ಕೂ ಬಾರದು. ಗಮನಕ್ಕೆ ಬಾರದಂತಾಗುವುದೇ ಆ ಕೆಲಸದ ಸಿದ್ಧಿ.

ಬರೆದುದನ್ನು ಬರೆದವರೇ ನೇರವಾಗಿ ತಾಣಕ್ಕೆ ಏರಿಸುವ ಪದ್ಧತಿ ಒಳ್ಳೆಯ ಕಡೆಗಳಲ್ಲಿ ಇಲ್ಲ. ಇನ್ನೊಬ್ಬರು ಅದನ್ನು ಸಾಲುಸಾಲಾಗಿ ಓದಿ, ಸಂದೇಹಗಳನ್ನು ಪಕ್ಕದಲ್ಲಿ ಬರೆದು, ಒಪ್ಪಿದ ಬಳಿಕವೇ ಅದು ಸೇರ್ಪಡೆಯಾಗುವುದು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ರಚಿಸಿದ ಗಿಟ್ ಎಂಬ ಸಾಧನವು ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರೆಂಬುದನ್ನು ತಪ್ಪದೆ ಕಾದಿಟ್ಟಿರುತ್ತದೆ. ಆರು ತಿಂಗಳ ಹಿಂದಿನ ಒಂದು ಕೆಟ್ಟ ಸಾಲನ್ನು ಬರೆದವರಾರೆಂದು ಕೋಪದಿಂದ ಹುಡುಕಿ, ಅಲ್ಲಿ ತಮ್ಮ ಹೆಸರನ್ನೇ ಕಾಣುವುದು ಈ ಕೆಲಸದಲ್ಲಿ ಸಾಮಾನ್ಯ. ಅಹಂಕಾರಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ದೊರೆಯಲಾರದು. ಬೆಂಗಳೂರಿನವರಿಗೆ ಒದಗುವ ಇನ್ನೊಂದು ಕಷ್ಟ ಹೊತ್ತಿನದು. ಗಿರಾಕಿ ಅಮೆರಿಕದಲ್ಲಿದ್ದರೆ ಅಲ್ಲಿ ಹಗಲಾಗುವಾಗ ಇಲ್ಲಿ ಇರುಳು. ಮಕ್ಕಳಿಗೆ ಉಣಬಡಿಸುವ ಸಮಯಕ್ಕೆ ಸಭೆ ಕರೆಯುವುದು. ತಾಣ ನಿಂತುಹೋದರೆ ನಡುರಾತ್ರಿಯಲ್ಲಿ ಎದ್ದು ನೋಡುವ ಸರದಿಯೂ ಉಂಟು.

ಇಷ್ಟೆಲ್ಲ ದುಡಿದರೂ, ಒಂದು ತಾಣದಲ್ಲಿ ಅದನ್ನು ಕಟ್ಟಿದವರೇ ಬರೆದ ಪಾಲು ಅಲ್ಪ. ಜಾಲವೇ ಮೊದಲು ದಾನವಾಗಿ ಬಂದುದು. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಅದರ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಜಾಲದ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹೀಗೆ ಕೊಡುವ ಪದ್ಧತಿ ಬೆಳೆಯುತ್ತ ಬಂದು, ಇಂದು ದಿನಾಂಕವನ್ನು ಹೊಂದಿಸುವುದು, ಚಿತ್ರವನ್ನು ಕಿರಿದುಗೊಳಿಸುವುದು, ಗುಪ್ತಪದವನ್ನು ಕಾಪಾಡುವುದು ಮುಂತಾದ ಅಸಂಖ್ಯ ಕೆಲಸಗಳಿಗೆ ಯಾರೋ ಬರೆದು ಲೋಕಕ್ಕೆ ಬಿಟ್ಟ ತುಣುಕುಗಳು ದೊರೆಯುತ್ತವೆ. ಒಂದು ತುಣುಕನ್ನು ತಂದರೆ ಅದು ನೆಚ್ಚಿಕೊಂಡ ಹತ್ತು, ಆ ಹತ್ತು ನೆಚ್ಚಿಕೊಂಡ ನೂರು ಬೆನ್ನಹಿಂದೆಯೇ ಬರುತ್ತವೆ.

ಕಲಿಕೆಯೂ ಹೀಗೆಯೇ. ಈ ಕೆಲಸವನ್ನು ಕಾಲೇಜಿನಲ್ಲಿಯೇ ಪೂರ್ಣವಾಗಿ ಕಲಿತು ಬಂದವರು ವಿರಳ. ಒಬ್ಬರು ತಮಗೆ ಒದಗಿದ ತೊಡಕನ್ನೂ ಅದರ ಪರಿಹಾರವನ್ನೂ ಬರೆದಿಡುತ್ತಾರೆ. ಭೂಮಿಯ ಇನ್ನೊಂದು ಮೂಲೆಯಲ್ಲಿ ಅದೇ ತೊಡಕಿಗೆ ಸಿಕ್ಕಿದವರು ಐದು ವರ್ಷಗಳ ಬಳಿಕ ಅದನ್ನು ಓದಿ ಪಾರಾಗುತ್ತಾರೆ. ರಜೆಯ ದಿನಗಳಲ್ಲಿ ಒಂದೆಡೆ ಸೇರಿ ಒಬ್ಬರಿಗೊಬ್ಬರು ಹೇಳಿಕೊಡುವ ಕೂಟಗಳು ಬೆಂಗಳೂರಿನಲ್ಲಿ ಬಹುಕಾಲದಿಂದ ನಡೆದು ಬಂದಿವೆ. ಜಾವಾಸ್ಕ್ರಿಪ್ಟಿಗೆಂದೇ ಮೀಸಲಾದ ಜೆಎಸ್‌ಫೂ ಸಮ್ಮೇಳನ 2011ರಲ್ಲಿ ಅಲ್ಲಿ ಆರಂಭವಾಯಿತು. ವಚನಗಳ ಅಭ್ಯಾಸಿಗಳಿಗೆ ಪರಿಚಿತವಾದ ‘ವಚನ ಸಂಚಯ’ ತಾಣವೂ ಇಂಥ ಕೂಡಿಕೆಯ ಫಲವೇ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂಬುದನ್ನು ತೋರಿಸಬಲ್ಲ ಆ ತಾಣವನ್ನು ತಂತ್ರಾಂಶ ಬಲ್ಲವರೂ ಸಾಹಿತ್ಯ ಬಲ್ಲವರೂ ಸೇರಿ ಕಟ್ಟಿದರು. ಹಿಂದೆ ತಿಂಗಳುಗಟ್ಟಲೆ ಪುಟ ತಿರುವಿ ಮಾಡಬೇಕಾಗಿದ್ದ ಕೆಲಸವದು. ಅಲ್ಲಿ ಪದವೊಂದನ್ನು ಹುಡುಕಿ ತೃಪ್ತಿಪಟ್ಟವರಲ್ಲಿ ಎಷ್ಟು ಮಂದಿ ಅದರ ಹಿಂದಿನ ಕೈಗಳನ್ನು ನೆನೆದಾರು?

ಪಡೆಯುವುದು ಸುಲಭವಾದಾಗ ಪಡೆದುದರ ನೆನಪು ಉಳಿಯುವುದು ಕಷ್ಟ. 2016ರ ಮಾರ್ಚ್ 22ರಂದು ಅದು ಒಮ್ಮೆ ಎಲ್ಲರಿಗೂ ನೆನಪಾಯಿತು. ಪದದ ಎಡಗಡೆಗೆ ಖಾಲಿ ಜಾಗವನ್ನು ತುಂಬಿ ಉದ್ದವನ್ನು ಸರಿದೂಗಿಸುವ, ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ತುಣುಕೊಂದಿತ್ತು. ಅದನ್ನು ಬರೆದವರಿಗೂ ತುಣುಕುಗಳ ಉಗ್ರಾಣವಾದ ಎನ್‌ಪಿಎಂಗೂ ಬೇರೊಂದು ತುಣುಕಿನ ಹೆಸರಿನ ವಿಷಯವಾಗಿ ಮನಸ್ತಾಪ ಬಂದು, ಅವರು ತಮ್ಮ ಬರಹಗಳನ್ನೆಲ್ಲ ಹಿಂತೆಗೆದುಕೊಂಡರು. ಆ ಹನ್ನೊಂದು ಸಾಲನ್ನು ನೆಚ್ಚಿದ್ದ ಹೆಸರಾಂತ ತಂತ್ರಾಂಶಗಳನ್ನು ಕಟ್ಟುವ ಕೆಲಸ ಎಲ್ಲೆಡೆ ನಿಂತುಹೋಯಿತು. ಸುಮಾರು ಎರಡು ಗಂಟೆಗಳಲ್ಲಿ ತುಣುಕನ್ನು ಮರಳಿ ಸೇರಿಸಲಾಯಿತು; ಹಿಂತೆಗೆಯುವ ನಿಯಮಗಳೂ ಮುಂದೆ ಬಿಗಿಯಾದುವು. ಯಾರದು ನ್ಯಾಯವೆಂಬ ಚರ್ಚೆ ಬಹಳ ನಡೆಯಿತು. ತಾವು ಅಂಥದೊಂದು ತುಣುಕಿನ ಮೇಲೆ ನಿಂತಿದ್ದೆವೆಂಬುದೇ ಅನೇಕರಿಗೆ ಅಂದಿನವರೆಗೆ ತಿಳಿದಿರಲಿಲ್ಲವೆಂಬುದು ಆ ಚರ್ಚೆಗಿಂತ ಹೆಚ್ಚು ಗಮನಾರ್ಹ.

ಇದಕ್ಕಿಂತ ಗಂಭೀರವಾದ ಪ್ರಸಂಗ 2024ರಲ್ಲಿ ಬೆಳಕಿಗೆ ಬಂದಿತು. ಜಾಲತಾಣಗಳನ್ನು ಹೊತ್ತ ಸರ್ವರುಗಳಲ್ಲಿ ಹೆಚ್ಚಿನವು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಿಂದ ನಡೆಯುತ್ತವೆ. ದೂರದಿಂದ ಆ ಯಂತ್ರಗಳನ್ನು ಹೊಗಲು ಎಸ್‌ಎಸ್‌ಎಚ್ ಎಂಬ ಬಾಗಿಲುಂಟು; ಕೀಲಿಯುಳ್ಳವರಿಗೆ ಮಾತ್ರ ಅಲ್ಲಿ ಪ್ರವೇಶ. ಅಂಥ ಯಂತ್ರಗಳಲ್ಲಿ ಎಕ್ಸ್‌ಝೆಡ್ ಎಂಬ ಇನ್ನೊಂದು ಸಣ್ಣ ಸಾಧನವೂ ಇರುವುದು; ಕಡತಗಳನ್ನು ಕುಗ್ಗಿಸಿ ಅಡಕಮಾಡುವುದು ಅದರ ಕೆಲಸ. ಅದನ್ನು ಬಹು ವರ್ಷಗಳಿಂದ ನೋಡಿಕೊಂಡು ಬಂದವರು ಬಹುಮಟ್ಟಿಗೆ ಒಬ್ಬರೇ, ಫಿನ್ಲೆಂಡ್ ದೇಶದವರು. ಸಂಬಳವಿಲ್ಲ, ಬಿಡುವಿನ ವೇಳೆಯ ದುಡಿಮೆ. 2022ರಲ್ಲಿ, ಕೆಲಸ ನಿಧಾನವಾಗುತ್ತಿದೆಯೆಂದು ಕೆಲವು ಹೆಸರುಗಳಿಂದ ಅವರ ಮೇಲೆ ಬಹಿರಂಗವಾಗಿ ದೂರುಗಳು ಬರತೊ‍ಡಗಿದುವು. ಕೈಲಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿರೆಂಬ ಒತ್ತಾಯವೂ ಬಂದಿತು. ಆಸಕ್ತಿ ಕಳೆದುಹೋಗಿಲ್ಲ, ಮನಸ್ಸಿನ ಆರೋಗ್ಯ ಬಹುಕಾಲದಿಂದ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನೂ ನೆನೆಯಬೇಕು ಎಂಬ ಅರ್ಥದಲ್ಲಿ ಅವರು ಉತ್ತರ ಬರೆದರು. ಆಮೇಲೂ ಒತ್ತಾಯ ನಿಲ್ಲಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವರು, ಅಡುಗೆ ತಡವಾಯಿತೆಂದು ಒಲೆಯ ಮುಂದೆ ಬೆಂದವರನ್ನು ಗದರಿಸಿದಂತೆ ಇದು.

ಅದೇ ಕಾಲದಲ್ಲಿ ಜಿಯಾ ಟ್ಯಾನ್ ಎಂಬ ಹೆಸರಿನಿಂದ ಒಬ್ಬ ಸಹಾಯಕ ಮುಂದೆ ಬಂದಿದ್ದನು. 2021ರಿಂದ ತಿದ್ದುಪಡಿಗಳನ್ನು ಕಳುಹಿಸುತ್ತ, ತಾಳ್ಮೆಯಿಂದ ದುಡಿಯುತ್ತ, ಕ್ರಮೇಣ ವಿಶ್ವಾಸವನ್ನು ಗಳಿಸಿ ಸಾಧನದ ಸಹಪಾಲಕನಾದನು. ದಣಿದವರಿಗೆ ಹೆಗಲು ಕೊಡಲು ಬಂದವನನ್ನು ಯಾರು ತಾನೆ ಶಂಕಿಸಿಯಾರು? 2024ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೊರಬಂದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಅಡಗಿತ್ತು. ಪರೀಕ್ಷೆಗೆಂದು ಇಟ್ಟಂತಿದ್ದ ಕಡತಗಳಲ್ಲಿ ಅದರ ತಿರುಳನ್ನು ಹುದುಗಿಸಿ, ಅದನ್ನು ಎಬ್ಬಿಸುವ ತುಂಡನ್ನು ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ತೋರಿಸದೆ, ಬಿಡುಗಡೆಯ ಗಂಟಿನಲ್ಲಿ ಮಾತ್ರ ಸೇರಿಸಲಾಗಿತ್ತು. ಕೆಲವು ಬಗೆಯ ಲಿನಕ್ಸಿನಲ್ಲಿ ಎಸ್‌ಎಸ್‌ಎಚ್ ಸೇವೆಯು ಸುತ್ತುಬಳಸಿನ ದಾರಿಯಿಂದ ಈ ಸಾಧನವನ್ನು ಒಳಗೆ ಎಳೆದುಕೊಳ್ಳುತ್ತಿದ್ದುದರಿಂದ, ಗುಪ್ತಕೀಲಿಯುಳ್ಳವನು ಅಂಥ ಯಂತ್ರಗಳನ್ನು ಹೊಕ್ಕು ತನ್ನ ಆಜ್ಞೆಯನ್ನು ನಡೆಸಬಹುದಾಗಿತ್ತು.

ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯ್ಂಡ್. ಅನೇಕ ಜಾಲತಾಣಗಳ ಲೆಕ್ಕಪತ್ರಗಳನ್ನು ಕಾಯುವ ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಬೇರೆ ಯಾವುದೋ ವೇಗವನ್ನು ಅಳೆಯುತ್ತಿದ್ದಾಗ, ಎಸ್‌ಎಸ್‌ಎಚ್ ಬಾಗಿಲು ತೆರೆಯುವುದಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂದಿತು. ಅರ್ಧ ಸೆಕೆಂಡನ್ನು ಅಲಕ್ಷಿಸುವುದಕ್ಕೆ ನೂರು ಕಾರಣಗಳಿರುತ್ತವೆ. ಅವರು ಅಲಕ್ಷಿಸದೆ ಬೆನ್ನುಹತ್ತಿ, ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಕಳ್ಳಬಾಗಿಲುಳ್ಳ ಆವೃತ್ತಿ ಪ್ರಮುಖ ಹಂಚಿಕೆಗಳ ಸ್ಥಿರವಾದ ಬಿಡುಗಡೆಗಳಿಗೆ ಆಗಿನ್ನೂ ತಲಪಿರಲಿಲ್ಲ. ಪರೀಕ್ಷೆಯ ಹಂತದವುಗಳಿಂದ ಅದನ್ನು ಕೂಡಲೆ ಹಿಂತೆಗೆಯಲಾಯಿತು.

ಇದರಿಂದ ಅಪರಿಚಿತರನ್ನು ನಂಬಬಾರದೆಂಬ ನಿರ್ಣಯಕ್ಕೆ ಬಂದವರುಂಟು. ಆ ನಿರ್ಣಯ ಸರಿಯಲ್ಲ. ಅಪರಿಚಿತರನ್ನು ನಂಬದಿದ್ದರೆ ಜಾಲವೇ ಉಂಟಾಗುತ್ತಿರಲಿಲ್ಲ, ಫ್ರಾಯ್ಂಡ್ ಅವರೂ ಎಕ್ಸ್‌ಝೆಡ್‌ನ ಪಾಲಿಗೆ ಅಪರಿಚಿತರೇ. ಮೋಸಕ್ಕೆ ಎಡೆ ದೊರೆತುದು ಒಬ್ಬರ ಹೆಗಲ ಮೇಲೆ ಎಲ್ಲರ ಭಾರವೂ ಬಿದ್ದಿದ್ದುದರಿಂದ. ತುಣುಕನ್ನು ಬಳಸುವ ಕೆಲಸಗಾರರು ಅದನ್ನು ಕಾಪಾಡುತ್ತಿರುವವರಾರು, ಎಷ್ಟು ಜನ ಎಂದು ಒಮ್ಮೆ ನೋಡಬಹುದು. ದೋಷ ಕಂಡರೆ, ಅದು ಯಾವಾಗ ಹೇಗೆ ತೋರುತ್ತದೆಂಬುದನ್ನು ಸ್ಪಷ್ಟವಾಗಿ ಬರೆದು ಕಳುಹಿಸಬಹುದು. ಸಾಧ್ಯವಾದರೆ ತಿದ್ದಿಯೇ ಕಳುಹಿಸಬಹುದು. ಹೊಸಬರ ಪ್ರಶ್ನೆಗಳಿಗೆ ಉತ್ತರಿಸಿ ಪಾಲಕರ ಹೊರೆಯನ್ನು ತುಸು ಇಳಿಸಬಹುದು. ಲಾಭ ಪಡೆಯುವ ಸಂಸ್ಥೆಗಳು ಹಣ ಕೊಡಬೇಕಾದುದು ನ್ಯಾಯ; ಅದನ್ನು ಒಳಗಿನಿಂದ ಕೇಳಬಲ್ಲವರೂ ಈ ಕೆಲಸಗಾರರೇ.

ಸುದ್ದಿ ಹರಡಿದಾಗ ಆ ಫಿನ್ಲೆಂಡಿನ ಪಾಲಕರು ಕೆಲಸದಿಂದ ಬಿಡುವು ಪಡೆದಿದ್ದರು. ಅವರು ಮರಳಿ ಬಂದು, ಸಹಪಾಲಕನೆಂಬವನು ಸೇರಿಸಿದ್ದ ಬದಲಾವಣೆಗಳನ್ನು ಪರಿಶೀಲಿಸತೊಡಗಿದರು. ಅದೇ ವರ್ಷದ ಮೇ ತಿಂಗಳಲ್ಲಿ, ಕಳ್ಳಬಾಗಿಲನ್ನು ಕಿತ್ತುಹಾಕಿದ 5.6.2ನೆಯ ಆವೃತ್ತಿಯನ್ನು ಅವರೇ ಹೊರತಂದರು.