ಲಸಿಕೆ ಮತ್ತು ಆಹಾರಧರ್ಮ

ಅರಭಾವಿ, ಗೋಕಾಕ, ಹುಕ್ಕೇರಿಗಳಿಂದ ಬೆಳಗಾವಿಗೆ ಹೋದವರು ಟಿಳಕವಾಡಿಯಲ್ಲಿ 'ವ್ಯಾಕ್ಸಿನ್ ಡಿಪೋ' ಎಂಬ ಮೈದಾನವನ್ನು ಕಂಡಿರಬಹುದು. ಹಿಂದೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಕಾಲದಲ್ಲಿ ಈ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದರು. ಗೋವಿನಿಂದ ಬಂದ ವಸ್ತು ಮೈಯೊಳಗೆ ಸೇರುವುದೆಂದು ಹಿಂದೂಗಳಲ್ಲಿ ಅನೇಕರು ಹಿಂಜರಿದರು. ಗಾಂಧೀಜಿಯವರೂ ಅದನ್ನು ಧರ್ಮಕ್ಕೆ ವಿರುದ್ಧವೆಂದು ಬರೆದರು. ಆದುದರಿಂದ, "ಇದರಲ್ಲಿ ಏನೇನು ಬೆರೆತಿದೆ?" ಎಂದು ಕೇಳುವ ಮುಸಲ್ಮಾನ ವೃದ್ಧರನ್ನು ಅಜ್ಞಾನಿಗಳೆಂದು ಜರೆಯುವುದು ನ್ಯಾಯವಲ್ಲ.

ಅವರ ಶಂಕೆಗೆ ಆಧಾರವೂ ಉಂಟು. ಹಂದಿಯ ಮಾಂಸ ಇಸ್ಲಾಮಿನಲ್ಲಿ ಹರಾಮ್, ಎಂದರೆ ನಿಷಿದ್ಧ. ಕೆಲವು ಲಸಿಕೆಗಳು ಬೇಗನೆ ಕೆಡದಿರಲೆಂದು ಅವುಗಳಿಗೆ ಜೆಲಟಿನ್ ಎಂಬ ಅಂಟುಪದಾರ್ಥವನ್ನು ಸೇರಿಸುತ್ತಾರೆ. ಹಂದಿಯಿಂದ ತೆಗೆದ ಜೆಲಟಿನ್ ಕೂಡ ಬಳಕೆಯಲ್ಲಿದೆ.

ಇದಕ್ಕೆ ಉತ್ತರವನ್ನು ಧರ್ಮಶಾಸ್ತ್ರಜ್ಞರೇ ಹುಡುಕಿದ್ದಾರೆ. ಮದ್ಯ ನಿಷಿದ್ಧ; ಆದರೆ ಅದು ತಾನಾಗಿ ಹುಳಿತು ವಿನೆಗರ್ ಆದರೆ ಸೇವಿಸಬಹುದು. ವಸ್ತುವಿನ ಗುಣವೇ ಬದಲಾದಾಗ ನಿಷೇಧವೂ ಕಳೆಯುತ್ತದೆ ಎಂಬುದು ಇದರ ತತ್ತ್ವ. 1995ರಲ್ಲಿ ಕುವೈತಿನಲ್ಲಿ ಸೇರಿದ ವಿದ್ವಾಂಸರು ಜೆಲಟಿನ್ನಿಗೂ ಇದೇ ತತ್ತ್ವವನ್ನು ಅನ್ವಯಿಸಿದರು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಪುಣೆಯಲ್ಲಿ ತಯಾರಾದ ದಡಾರ-ರುಬೆಲ್ಲ ಲಸಿಕೆಯನ್ನು 2018ರಲ್ಲಿ ಇಂಡೋನೇಷ್ಯದ ಉಲೇಮಾ ಮಂಡಲಿ ಹರಾಮ್ ಎಂದೇ ಹೇಳಿತು. ಆದರೆ ಬೇರೆ ಲಸಿಕೆ ದೊರೆಯದಿರುವಾಗ, ಅನಿವಾರ್ಯವೆಂದು ಅದನ್ನು ಬಳಸಲು ಅನುಮತಿಯನ್ನೂ ನೀಡಿತು. ಗತ್ಯಂತರವಿಲ್ಲದವನು ನಿಷಿದ್ಧವನ್ನು ತಿಂದರೆ ದೋಷವಿಲ್ಲವೆಂದು ಕುರ್‌ಆನಿನಲ್ಲಿಯೇ ಹೇಳಿದೆ.

2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಯ ಬಗ್ಗೆಯೂ ಇದೇ ಶಂಕೆ ಎದ್ದಿತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಿಗೆ 2021ರ ಮಾರ್ಚ್ 1ರಿಂದ ಅದನ್ನು ಕೊಡತೊಡಗಿದರು. ಆಗ ಬಳಸಿದ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರ ಘಟಕಗಳ ಪಟ್ಟಿಯಲ್ಲಿಯೂ ಜೆಲಟಿನ್ ಇರಲಿಲ್ಲ. ಮಸೀದಿಯ ಅಂಗಳದಲ್ಲಿ ಆ ಪಟ್ಟಿಯನ್ನು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಓದಿ ಹೇಳುವುದು ನೂರು ಧ್ವನಿವರ್ಧಕಗಳ ಘೋಷಣೆಗಿಂತ ಮೇಲು. ಏಪ್ರಿಲ್ ಮಧ್ಯದಲ್ಲಿ ರಂಜಾನ್ ಬಂದಿತು. ಸೂಜಿಮದ್ದಿನಿಂದ ಉಪವಾಸ ಕೆಡುವುದೇ ಎಂಬ ಪ್ರಶ್ನೆಯೂ ಹುಟ್ಟಿತು. ಅದು ಆಹಾರವಲ್ಲ, ಬಾಯಿಯ ಮೂಲಕ ಹೊಟ್ಟೆಗೆ ಸೇರುವುದಿಲ್ಲ, ಆದ್ದರಿಂದ ಕೆಡದು ಎಂದು ಅನೇಕ ಮೌಲವಿಗಳು ತಿಳಿಸಿದರು.

ಲಸಿಕೆ ಈ ಹಿರಿಯರಿಗೆ ಹೊಸದೂ ಅಲ್ಲ. ವರ್ಷಗಟ್ಟಲೆ ಹಣ ಕೂಡಿಸಿ ಹಜ್ ಯಾತ್ರೆಗೆ ಹೊರಡುವವರು ಮೆದುಳಿನ ಪೊರೆಗೆ ತಗಲುವ ಮೆನಿಂಜೈಟಿಸ್ ರೋಗದ ವಿರುದ್ಧ ಲಸಿಕೆ ಹಾಕಿಸಿಕೊಂಡಿರಬೇಕೆಂದು ಸೌದಿ ಅರೇಬಿಯ ನಿಯಮ ಮಾಡಿದೆ. ಅದನ್ನು ಹಾಕಿಸಿಕೊಂಡೇ ಅವರು ಮಕ್ಕೆಗೆ ಪ್ರಯಾಣ ಬೆಳೆಸುತ್ತಾರೆ.