ಹೊತ್ತು, ಹದ, ಮಗುವಿನ ಮನಸ್ಸು

ಆಟಿಸಂ ಇರುವ ಮಗನ ಮೈಗೆ ಎಷ್ಟು ವ್ಯಾಯಾಮ ಬೇಕು ಎಂದು ಬೇರೆ ತಾಯಂದಿರು ನನ್ನನ್ನು ಕೇಳುತ್ತಾರೆ. ಯಾವಾಗ ಬೇಕು ಅನ್ನುವುದೇ ದೊಡ್ಡ ಪ್ರಶ್ನೆ ಅನ್ನುತ್ತೇನೆ ನಾನು. ಮಿಕ್ಸಿ ಸದ್ದಿಗೋ ಮದುವೆ ಛತ್ರದ ಓಲಗಕ್ಕೋ ಕಿವಿ ಮುಚ್ಚಿ ಕಿರುಚತೊಡಗಿದ ಮೇಲೆ ಏನು ಮಾಡಿಸಿದರೂ ತಲೆಗೆ ಹೋಗದು. ಆ ಗದ್ದಲಕ್ಕೆ ಮೊದಲೇ ಮೈಗೆ ಕೆಲಸ ಕೊಡಬೇಕು.

ಕಣ್ಣು, ಕಿವಿ, ಚರ್ಮ ಮಾತ್ರವಲ್ಲ, ಒಳಕಿವಿಯ ಸಮತೋಲನವೂ ಸ್ನಾಯು-ಕೀಲುಗಳು ಕೊಡುವ ಮೈಯ ಅರಿವೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇವೆಲ್ಲ ಒಂದಕ್ಕೊಂದು ಹೊಂದಿಕೊಳ್ಳುವ ಬಗೆಯನ್ನು. ಥೆರಪಿಸ್ಟರು 'ಹೆವಿ ವರ್ಕ್' ಅನ್ನುವುದು ಸ್ನಾಯು-ಕೀಲುಗಳಿಗೆ ಒತ್ತು ಬೀಳುವ ಕೆಲಸಕ್ಕೆ. ನಮ್ಮ ಮನೆಯಲ್ಲಿ ಅದು ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಅರ್ಧ ಬಿಂದಿಗೆ ನೀರು ಹೊತ್ತು ಗಿಡಕ್ಕೆ ಹಾಕುವುದು, ಗೋಡೆ ತಳ್ಳುವುದು. ಇಷ್ಟಾದ ಮೇಲೆ ಶಾಲೆಯ ಬೂಟು ಹಾಕಿಸುವಾಗ ಜಗಳ ಕಡಿಮೆ.

ಜೋಕಾಲಿಗೆ ಹದ ಬೇಕು. ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ತೂಗಿದರೆ ನನ್ನ ಮಗ ತಣ್ಣಗಾಗುತ್ತಾನೆ, ಗಿರಗಿರ ತಿರುಗಿಸಿದರೆ ಕೆರಳುತ್ತಾನೆ. ಮುಖ ಬಿಳಿಚಿದರೆ, ಬೆವರಿದರೆ, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಫಿಟ್ಸ್ ಬರುವ ಮಕ್ಕಳಾದರೆ ವೈದ್ಯರನ್ನು ಕೇಳದೆ ತಿರುಗಿಸಲೇಬಾರದು.

ಮುಟ್ಟುವ ಆಟಗಳಲ್ಲಿ ಬಲವಂತ ಸಲ್ಲದು. ರಾಗಿ ತುಂಬಿದ ಬೋಗುಣಿಗೆ ಕೈ ಹಾಕಲು ಒಲ್ಲೆ ಅಂದರೆ ಸೌಟು ಕೊಡುತ್ತೇನೆ. ಬೆರಳು ತಾನಾಗಿ ಇಳಿಯುವ ದಿನ ಇಳಿಯಲಿ. ಹಗುರಾಗಿ ನೇವರಿಸಿದರೆ ಬೆಚ್ಚುವವನು, ಮೊದಲೇ ಹೇಳಿ ಗಟ್ಟಿಯಾಗಿ ಅಪ್ಪಿಕೊಂಡರೆ ಒಪ್ಪುತ್ತಾನೆ. ಪಕ್ಕದ ಮನೆಯ ಮಗುವಿಗೆ ಇದು ಉಲ್ಟಾ ಇರಬಹುದು.

ದುಡ್ಡು ಸುರಿಯುವ ಮೊದಲು ಯೋಚಿಸಿ. ಇಂದ್ರಿಯಗಳನ್ನು ಹೊಂದಿಸುವ ಇಂಥ ಥೆರಪಿಗೆ ಪುರಾವೆ ಸೀಮಿತ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲೇ ಹೇಳಿದೆ. ಭಾರದ ಹೊದಿಕೆಯಿಂದ ಆಟಿಸಂ ಮಕ್ಕಳ ನಿದ್ದೆ ಸುಧಾರಿಸಲಿಲ್ಲವೆಂದು 2014ರ ಬ್ರಿಟನ್ ಅಧ್ಯಯನವೊಂದು ಕಂಡುಕೊಂಡಿತು. ಮಕ್ಕಳಿಗೆ ಹೊದಿಕೆ ಇಷ್ಟವಾಗಿತ್ತು, ಅಷ್ಟೆ. ಹಾಗಾಗಿ ನಾನು ಒಂದೇ ಗುರಿ ಇಟ್ಟುಕೊಂಡು ಡೈರಿ ಬರೆಯುತ್ತೇನೆ: ಇವತ್ತು ಊಟಕ್ಕೆ ಎಷ್ಟು ಹೊತ್ತು ಕೂತ? ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ವ್ಯಾಯಾಮವನ್ನು ಕೈಬಿಡುತ್ತೇನೆ.

ಈ ವ್ಯಾಯಾಮಗಳಿಂದ ಆಟಿಸಂ ಹೋಗುವುದಿಲ್ಲ, ಹೋಗಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಮಗುವಿನ ದಿನ ಸ್ವಲ್ಪ ಸಲೀಸಾದರೆ ವ್ಯಾಯಾಮ ಫಲ ಕೊಟ್ಟಂತೆ.